ಕಾಫಿ ಕಣದಲ್ಲಿ ಬಿಡಾರ

ನಮ್ಮ ಅತ್ತೆಗೆ ಮಂಡಿ ನೋವು. ಕಾರಿನಲ್ಲಿ ಎಲ್ಲಿಗೆ ಹೊರಟರೂ ಅವರು ಮೊದಲು ಕೇಳುವುದು ಒಂದೇ, "ದಾರೀಲಿ ಬಾತ್‌ರೂಮ್ ಎಲ್ಲಿ ಸಿಗತ್ತೆ?" ಪೆಟ್ರೋಲ್ ಬಂಕುಗಳ ಶೌಚಾಲಯದ ಸ್ಥಿತಿ ಗೊತ್ತಲ್ಲ. ಅಲ್ಲಿಗೆ ಹೋಗುವ ಗೋಜೇ ಬೇಡ ಅಂತ ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತುಬಿಡುತ್ತಾರೆ. ಹಾಗಾಗಿ ಒಳಗೇ ಮಲಗುವ, ಅಡುಗೆ ಮಾಡುವ ಅನುಕೂಲ ಇರುವ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೊಂಡು ಕೊಡಗಿಗೆ ಹೋಗೋಣ ಅಂತ ನಮ್ಮವರು ಹೇಳಿದಾಗ ನನಗೆ ಬೆಟ್ಟ, ಹೊಳೆ, ಕಾಫಿ ಹೂವು ಯಾವುದೂ ನೆನಪಾಗಲಿಲ್ಲ. ಗಾಡಿಯೊಳಗೇ ಕಮೋಡ್ ಇರುತ್ತದೆ ಅನ್ನುವುದೊಂದೇ ಕಿವಿಗೆ ಬಿತ್ತು. ಆಯ್ತು ಅಂದೆ.

ನಮ್ಮವರ ಹಳೆಯ ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟು ಚೆಟ್ಟಳ್ಳಿ ಕಡೆ ತಮ್ಮ ತೋಟ ನೋಡಿಕೊಂಡಿದ್ದಾರೆ. ಯಾವ ತಾರೀಕಿಗೆ ಬರೋಣ ಅಂತ ಫೋನ್ ಮಾಡಿ ಕೇಳಿದೆವು. "ತಾರೀಕು ನಾನು ಹೇಳೋದಲ್ಲ ಮಾರಾಯ್ರೆ, ಮಳೆ ಹೇಳಬೇಕು," ಅಂದರು. ಕಾಫಿ ಗಿಡದ ಮೊಗ್ಗು ಬೇಸಿಗೆಯ ಶುರುವಿನಲ್ಲಿ ಮುದುಡಿಕೊಂಡು ಕಾಯುತ್ತಿರುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಅದಕ್ಕೆ ಎಚ್ಚರ. ಅಲ್ಲಿಂದ ಎಂಟು-ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೇ ಅರಳುತ್ತದೆ. ಈ ಮಳೆಗೇ ಹೂಮಳೆ ಅನ್ನುತ್ತಾರೆ. ರೊಬಸ್ಟಾ ಜಾತಿಯ ಕಾಫಿ ಬೆಳೆಯುವವರು ಕೆರೆಯಲ್ಲೋ ಹೊಳೆಯಲ್ಲೋ ನೀರಿದ್ದರೆ ಮಳೆಗೆ ಕಾಯುವುದಿಲ್ಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಸ್ಪ್ರಿಂಕ್ಲರ್ ಹಾಕಿ ಹೂ ಬರಿಸುತ್ತಾರೆ. ಇವರದು ಅರೇಬಿಕಾ ಜಾತಿಯದೇ ಜಾಸ್ತಿ, ಆಕಾಶವೇ ಗತಿ.

ಯುಗಾದಿ ಆದ ಮೇಲೆ ಒಂದು ರಾತ್ರಿ ಅವರಿಂದ ವಾಟ್ಸ್‌ಆ್ಯಪ್ ಬಂತು. "ಒಂದು ಇಂಚು ಹತ್ತು ಸೆಂಟ್. ಗಾಡಿ ಹೇಳಿಬಿಡಿ." ಕೊಡಗಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು-ಸೆಂಟಿನಲ್ಲೇ ಅಳೆಯುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಎಲ್ಲರ ಮನೆಯಂಗಳದಲ್ಲೂ ಮಳೆ ಅಳೆಯುವ ಡಬ್ಬಿ ಇರುತ್ತದೆ. ಮಳೆ ನಿಂತ ಮೇಲೆ ಊರೆಲ್ಲಾ ಫೋನ್ ಮಾಡಿ "ನಿಮಗೆ ಎಷ್ಟು?" ಅಂತ ವಿಚಾರಿಸಿಕೊಳ್ಳುವುದು ಒಂದು ಪದ್ಧತಿ. ಪಕ್ಕದ ತೋಟಕ್ಕೆ ಬಿದ್ದು ನಮಗೆ ಬೀಳದಿದ್ದರೆ ಆಗುವ ಸಂಕಟ ಬೇರೆಯವರಿಗೆ ಅರ್ಥ ಆಗುವುದಿಲ್ಲ ಬಿಡಿ.

ಬಾಡಿಗೆಗೆ ಸಿಕ್ಕಿದ್ದು ಫೋರ್ಸ್ ಟ್ರಾವೆಲರ್ ಮಿನಿಬಸ್ಸಿನ ಮೇಲೆ ಕಟ್ಟಿದ ವ್ಯಾನು. ಹಿಂದೆ ಅಡ್ಡಕ್ಕೆ ಒಂದು ದೊಡ್ಡ ಹಾಸಿಗೆ. ಮುಂದಿನ ಸೋಫಾ ಬಿಚ್ಚಿದರೆ ಇನ್ನೊಂದು. ಚಿಕ್ಕ ಸಿಂಕು, ಇಂಡಕ್ಷನ್ ಒಲೆ, ಫ್ರಿಜ್, ಬಾಗಿಲ ಪಕ್ಕ ಬೀರುವಿನಷ್ಟೇ ಅಗಲದ ಶೌಚಾಲಯ. ಇಂಥ ಗಾಡಿ ತಗೊಳ್ಳುವವರು ಎರಡು ವಿಷಯ ನೋಡಿಕೊಳ್ಳಬೇಕು. ಒಂದು ಆರ್‌ಸಿ. ಅದರಲ್ಲಿ ವಾಹನದ ವರ್ಗ ಕ್ಯಾಂಪರ್ ವ್ಯಾನ್ ಅಥವಾ ಮೋಟಾರ್ ಕ್ಯಾರವಾನ್ ಅಂತ ಇರಬೇಕು. ಪ್ರಯಾಣಿಕರ ಟ್ರಾವೆಲರ್‌ನ ಸೀಟು ಕಿತ್ತು ಸುಮ್ನೆ ಮಂಚ ಹಾಕಿದ ಗಾಡಿಗಳೂ ಓಡಾಡುತ್ತಿವೆ. ಅನುಮತಿ ಇಲ್ಲದೆ ಹಾಗೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಪ್ಪು. ಅಪಘಾತ ಆದರೆ ವಿಮೆಗೂ ತಕರಾರು. ಇನ್ನೊಂದು ನಂಬರ್ ಪ್ಲೇಟು. ನಾವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡಿನ ಗಾಡಿಯನ್ನು ಕಡಿಮೆ ದುಡ್ಡಿಗೆ ಕೊಡುತ್ತೇವೆ ಅಂದವರೂ ಇದ್ದರು, ಬೇಡ ಅಂದೆವು. ಲೈಸೆನ್ಸ್ ಬಗ್ಗೆ ಭಯ ಬೇಡ. ಗಾಡಿಯ ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ಗಾಡಿ ತಂದುಕೊಟ್ಟ ಹುಡುಗ ಸ್ವಿಚ್ಚು, ವಾಲ್ವು, ಫ್ಯೂಸು ಎಲ್ಲ ತೋರಿಸಿದ. ಅವನ ಮಾತನ್ನೆಲ್ಲ ನಾನು ಫೋನಿನಲ್ಲಿ ವಿಡಿಯೊ ಮಾಡಿಕೊಂಡೆ. ನಮ್ಮವರು ಗಾಡಿಯ ಸುತ್ತ ಓಡಾಡಿ ಹಳೆ ಗೀರುಗಳ ಫೋಟೊ ತೆಗೆದರು. ಅತ್ತೆ ಒಳಗೆ ಹತ್ತಿ, ಶೌಚಾಲಯದ ಬಾಗಿಲು ತೆಗೆದು, ಹಾಕಿ, ಒಲೆಯ ಕಡೆ ತಿರುಗಿದರು.

"ಏನಮ್ಮಾ ಇದು? ಒಲೆಗೂ ಅದಕ್ಕೂ ಮಧ್ಯ ಒಂದು ತಗಡು ಅಡ್ಡ, ಅಷ್ಟೇನಾ?"

ಅಷ್ಟೇ. ಏನು ಹೇಳಲಿ? ಅವರು ಮಡಿ-ಮೈಲಿಗೆ ಅಂತ ಜಾಸ್ತಿ ಹಚ್ಚಿಕೊಂಡವರಲ್ಲ. ಆದರೆ ಅಡುಗೆಮನೆ ವಿಷಯಕ್ಕೆ ಬಂದರೆ ಬಿಡುವುದಿಲ್ಲ. ಒಂದು ಒಪ್ಪಂದ ಆಯಿತು. ಅಡುಗೆ ಆಗುವಾಗ ಆ ಬಾಗಿಲು ಯಾರೂ ತೆಗೆಯಬಾರದು. ಇದನ್ನು ಕೊನೆತನಕ ಪಾಲಿಸಿದೆವು. ಪಿರಿಯಾಪಟ್ಟಣ ದಾಟಿದ ಮೇಲೆ ಒಂದು ಬಂಕಿನ ಮುಂದೆ ಗಾಡಿ ನಿಂತಾಗ ಅತ್ತೆ ಅಲ್ಲಿನ ಶೌಚಾಲಯದ ಕಡೆ ಒಮ್ಮೆ ನೋಡಿದರು, ಮಾತಿಲ್ಲದೆ ವ್ಯಾನಿನ ಬಾಗಿಲು ತೆಗೆದು ಒಳಗೆ ಹೋದರು. ಅಲ್ಲಿಂದ ಮುಂದೆ ತಗಡಿನ ಮಾತು ಬರಲಿಲ್ಲ.

ಮೈಸೂರಿನಿಂದ ಮಡಿಕೇರಿಗೆ ನೂರಿಪ್ಪತ್ತು ಕಿ.ಮೀ. ಕಾರಿನವರು ತಿಂಡಿ ಮುಗಿಸಿ ಹೊರಟರೆ ಊಟಕ್ಕೆ ಅಲ್ಲಿರುತ್ತಾರೆ. ನಾವು ಬೈಲಕುಪ್ಪೆಯಲ್ಲಿ ಇಳಿದು ಚಿನ್ನದ ದೇಗುಲದ ದೊಡ್ಡ ಮೂರ್ತಿಗಳ ಮುಂದೆ ಕೂತೆವು. ಕುಶಾಲನಗರದಲ್ಲಿ ದಿನಸಿ, ತರಕಾರಿ, ಕುಡಿಯುವ ನೀರಿನ ಕ್ಯಾನ್ ಹಾಕಿಕೊಂಡೆವು. ಮುಂದೆ ಸಿಗುವುದಿಲ್ಲ ಅಂತಲ್ಲ. ಕುಶಾಲನಗರ ಸಮತಟ್ಟಾದ ಊರು, ದೊಡ್ಡ ಗಾಡಿಗೆ ನಿಲ್ಲಲು ಜಾಗ ಸಿಗುತ್ತದೆ. ಮಡಿಕೇರಿ ಪೇಟೆಯಲ್ಲಿ ಹಾಗಲ್ಲ.

ಸುಂಟಿಕೊಪ್ಪದ ಕಡೆ ಏರು ಶುರುವಾಗುತ್ತಿದ್ದಂತೆ ಗಾಳಿ ಬದಲಾಗುತ್ತದೆ. ಹೆದ್ದಾರಿ ಬಿಟ್ಟು ಒಳಗಿನ ರಸ್ತೆಗೆ ತಿರುಗಿದ ಮೇಲೆ ಓಡಿಸುವ ರೀತಿಯೂ ಬದಲಾಗಬೇಕು. ಕೊಡಗಿನ ಒಳರಸ್ತೆಗಳಲ್ಲಿ ಖಾಸಗಿ ಬಸ್ಸಿನದೇ ದರಬಾರು. ತಿರುವಿನಲ್ಲಿ ಹಾರ್ನ್ ಕೇಳಿದರೆ ನಾವೇ ಪಕ್ಕಕ್ಕೆ ಸರಿಯಬೇಕು, ಪಕ್ಕ ಇಲ್ಲದಿದ್ದರೆ ಹಿಂದಕ್ಕೆ ಹೋಗಬೇಕು. ಅಗಲಕ್ಕಿಂತ ಎತ್ತರದ ಚಿಂತೆ ದೊಡ್ಡದು. ಮೇಲಿನ ಸೋಲಾರ್ ಫಲಕವೂ ಸೇರಿದರೆ ಗಾಡಿ ಹತ್ತಡಿ ಹತ್ತಿರ ಬರುತ್ತದೆ. ತೋಟದ ದಾರಿಗೆ ಬಾಗಿದ ಕೊಂಬೆ, ಕೆಲಸಗಾರರ ಲೈನ್‌ಮನೆಗೆ ಎಳೆದ ಕರೆಂಟ್ ತಂತಿ ಎಲ್ಲ ಅದೇ ಎತ್ತರದಲ್ಲಿ ಇರುತ್ತವೆ. ಗೇಟಿನಿಂದ ಒಳಗೆ ತೋಟದ ಲೆಕ್ಕ-ಮೇಲ್ವಿಚಾರಣೆ ನೋಡುವ ರೈಟರ್ ಉದ್ದನೆ ಬಿದಿರು ಹಿಡಿದು ಮುಂದೆ ಮುಂದೆ ನಡೆದರು. ತಂತಿಯನ್ನು ಎತ್ತಿ ಹಿಡಿಯುವುದು, "ಬರ್ಲಿ ಬರ್ಲಿ" ಅನ್ನುವುದು, ಇನ್ನೊಂದು ಕೊಂಬೆ ಸರಿಸುವುದು. ಅರ್ಧ ಕಿ.ಮೀ.ಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಿತು.

ಎಲ್ಲಿ ನಿಲ್ಲಿಸುವುದು ಅನ್ನುವುದೇ ಇಂಥ ಪ್ರವಾಸದ ಅಸಲಿ ವಿಷಯ. ಹೊಳೆ ದಂಡೆಯಲ್ಲಿ, ಬೆಟ್ಟದ ತುದಿಯಲ್ಲಿ ವ್ಯಾನ್ ನಿಂತ ಫೋಟೊಗಳನ್ನು ಎಲ್ಲರೂ ನೋಡಿರುತ್ತಾರೆ. ಕೊಡಗಿನಲ್ಲಿ ಅಂಥ ಜಾಗ ಅಂದರೆ ಒಂದೋ ಅರಣ್ಯ ಇಲಾಖೆಯದು, ಒಂದೋ ದೇವರ ಕಾಡು, ಇಲ್ಲದಿದ್ದರೆ ಯಾರದೋ ತೋಟ. ದೇವರ ಕಾಡುಗಳೇ ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ಇವೆ. ಅಲ್ಲಿ ಬಿಡಾರ ಹೂಡುವ ಮಾತೇ ಇಲ್ಲ. ಕಾಡಿನ ಅಂಚಿನಲ್ಲಿ ರಾತ್ರಿ ನಿಲ್ಲಿಸಿದರೆ ಇಲಾಖೆಯವರು ಎಬ್ಬಿಸಿ ಕಳಿಸುತ್ತಾರೆ, ಕಳಿಸಬೇಕಾದ್ದೇ. ಪರಿಚಯದವರ ತೋಟ, ಇಲ್ಲವೇ ಅಂಗಳದಲ್ಲಿ ಜಾಗ ಕೊಡುವ ಹೋಂಸ್ಟೇ, ಇವೆರಡೇ ದಾರಿ.

ತೋಟದಲ್ಲೂ ಎಲ್ಲಿ ಬೇಕಾದರೂ ನಿಲ್ಲಿಸಲು ಆಗುವುದಿಲ್ಲ. ನೆಲ ಎಲ್ಲ ಇಳಿಜಾರು. ಇಳಿಜಾರಿನಲ್ಲಿ ಮಲಗಿದರೆ ರಾತ್ರಿಯಿಡೀ ಒಬ್ಬರು ಇನ್ನೊಬ್ಬರ ಮೇಲೆ ಜಾರುತ್ತಿರಬೇಕು. ಸಿಂಕಿನ ನೀರು ತೂತಿನ ಕಡೆ ಹೋಗದೆ ಮೂಲೆಯಲ್ಲಿ ನಿಲ್ಲುತ್ತದೆ. ನಮ್ಮ ಆತಿಥೇಯರು ಒಂದು ಕ್ಷಣವೂ ಯೋಚಿಸದೆ "ಕಣಕ್ಕೆ ಹಾಕಿ" ಅಂದರು. ಕಾಫಿ ಒಣಗಿಸುವ ಕಣ. ಸಿಮೆಂಟಿನ ವಿಶಾಲ ಅಂಗಳ, ಮೇಲೆ ಮರದ ನೆರಳಿಲ್ಲ. ಡಿಸೆಂಬರಿನಿಂದ ಶುರುವಾದ ಕಾಫಿ ಕೊಯ್ಲು ಮುಗಿದು, ಒಣಗಿದ ಕಾಫಿ ಗೋಡೌನ್ ಸೇರಿ, ಈಗ ಅರ್ಧ ಕಣ ಖಾಲಿ. ಉಳಿದರ್ಧದಲ್ಲಿ ಕರಿಮೆಣಸು ಹರಡಿತ್ತು. ಮೂಲೆಯಲ್ಲಿ ನಲ್ಲಿ, ಗೋಡೌನಿನ ಗೋಡೆಯಲ್ಲಿ 15 ಆ್ಯಂಪಿಯರ್ ಪ್ಲಗ್. ಕೊಡಗಿನಲ್ಲಿ ವ್ಯಾನ್ ನಿಲ್ಲಿಸಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ. ಆದರೆ ಇದು ಮಾರ್ಚ್ ಕೊನೆಯಿಂದ ಮಳೆಗಾಲ ಹಿಡಿಯುವ ತನಕ ಮಾತ್ರ. ಜನವರಿಯಲ್ಲಿ ಹೋಗಿ ಕಣ ಕೇಳಿದರೆ ಬೈಸಿಕೊಳ್ಳುತ್ತೀರಿ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರದ ಕೆಳಗೆ ಸಿಲ್ವರ್ ಓಕ್ ಹಲಗೆ ಇಟ್ಟು ಮಟ್ಟ ಮಾಡಿದೆವು. ಕಣ ಸಪಾಟಾಗಿ ಕಂಡರೂ ಮಳೆನೀರು ಹರಿದು ಹೋಗಲಿ ಅಂತ ಸ್ವಲ್ಪ ಓರೆಯಾಗಿಯೇ ಕಟ್ಟಿರುತ್ತಾರೆ. ಮೆಣಸಿನ ಮೇಲೆ ಟೈರ್ ಹೋಗದ ಹಾಗೆ ರೈಟರ್ ಸುಣ್ಣದಲ್ಲಿ ಗೆರೆ ಎಳೆದುಕೊಟ್ಟರು.

ಇನ್ನು ಕರೆಂಟಿನ ಲೆಕ್ಕ. ಮನೆಯಲ್ಲಿ ಬಿಲ್ ನಾನೇ ಕಟ್ಟುವುದರಿಂದ ಇದು ನನ್ನ ಖಾತೆ. ವ್ಯಾನಿನಲ್ಲಿ 12 ವೋಲ್ಟಿನ 200 ಆ್ಯಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಇತ್ತು. ನಮ್ಮ ಮೀಟರಿನ ಭಾಷೆಯಲ್ಲಿ ಹೇಳಬೇಕಾದರೆ ಸುಮಾರು ಎರಡೂವರೆ ಯೂನಿಟ್. ಫ್ರಿಜ್ ದಿನಕ್ಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಲೈಟು, ಫ್ಯಾನು, ಫೋನ್ ಚಾರ್ಜು ಸೇರಿದರೂ ಭಾರ ಅಲ್ಲ. ತಿನ್ನುವುದು ಇಂಡಕ್ಷನ್ ಒಲೆ. 1,500 ವ್ಯಾಟಿನ ಒಲೆ ಹತ್ತು ನಿಮಿಷ ಉರಿದರೆ ಕಾಲು ಯೂನಿಟ್ ಹೋಯಿತು. ಅನ್ನ, ಸಾರು, ಪಲ್ಯ, ಮೂರು ಹೊತ್ತು ಕಾಫಿ ಅಂದರೆ ಬ್ಯಾಟರಿ ಸಂಜೆಗೆ ಖಾಲಿ. ಮೇಲಿನ 300 ವ್ಯಾಟಿನ ಸೋಲಾರ್ ಫಲಕ ಏಪ್ರಿಲ್ ಬಿಸಿಲಿಗೆ ದಿನಕ್ಕೆ ಒಂದು ಯೂನಿಟ್ ಕೊಡುತ್ತದೆ, ತೆರೆದ ಬಯಲಿನಲ್ಲಿ ನಿಂತರೆ. ಕೊಡಗಿನಲ್ಲಿ ತೊಂದರೆ ಬರುವುದು ಇಲ್ಲೇ. ಅಲ್ಲಿ ಕಾಫಿ ಬೆಳೆಯುವುದೇ ನೆರಳಿನಲ್ಲಿ. ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಹಲಸು, ಮೇಲೆ ನೋಡಿದರೆ ಎಲ್ಲಾ ಕಡೆ ಎಲೆ. ತಂಪಾಗಿದೆ ಅಂತ ಮರದ ಕೆಳಗೆ ನಿಲ್ಲಿಸಿದರೆ ಸೋಲಾರ್ ಇದ್ದೂ ಇಲ್ಲದ ಹಾಗೆ. ಬಿಸಿಲಿಗೆ ನಿಲ್ಲಿಸಿದರೆ ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ. ಕಣದಲ್ಲಿ ಗಾಡಿಯನ್ನು ಬಿಸಿಲಿಗೆ ಬಿಟ್ಟು, ನಾವು ಕುರ್ಚಿ ತಗೊಂಡು ಅಂಚಿನ ಮರದ ಕೆಳಗೆ ಹೋಗಿ ಕೂತುಬಿಡುತ್ತಿದ್ದೆವು. ಗೋಡೌನಿನ ಪ್ಲಗ್ ಅಡುಗೆಗೆ. ಅಲ್ಲಿನ ಕರೆಂಟ್ ಬಗ್ಗೆ ಹೇಳುವುದು ಬೇಡ. ಗುಡುಗು ಕೇಳಿದರೆ ಹೋಗುತ್ತದೆ, ಆಮೇಲೆ ಬರುವ ಸಮಯ ಯಾರಿಗೂ ಗೊತ್ತಿಲ್ಲ. ಹೊರಡುವಾಗ ಒಂದು ಚಿಕ್ಕ ಗ್ಯಾಸ್ ಸಿಲಿಂಡರ್ ಇಟ್ಟುಕೊಳ್ಳಿ ಅಂತ ಅತ್ತೆ ಹಟ ಹಿಡಿದಿದ್ದರು. ಮಳೆ ಬಂದ ಸಂಜೆ ಕಾಫಿ ಆಗಿದ್ದು ಅದರಲ್ಲೇ. ಗ್ಯಾಸ್ ಹಚ್ಚುವಾಗ ಬಾಗಿಲು, ಮೇಲಿನ ಕಿಂಡಿ ಎರಡೂ ತೆರೆದಿರಬೇಕು, ಇದು ಮಾತ್ರ ಮರೆಯಬಾರದು.

ನೀರಿನ ಟ್ಯಾಂಕ್ ನೂರು ಲೀಟರಿನದು. ಮೂರು ಜನಕ್ಕೆ ಶವರ್ ಬಿಟ್ಟರೆ ಒಂದೇ ದಿನ. ಅತ್ತೆ ಒಂದು ಬಕೆಟ್, ಒಂದು ಚೊಂಬು ತಂದಿದ್ದರು. ಚೊಂಬಿನ ಸ್ನಾನಕ್ಕೆ ಶವರಿನ ಅರ್ಧ ನೀರೂ ಬೇಡ. ಪಾತ್ರೆಯನ್ನು ಒಳಗೆ ತೊಳೆಯದೆ ಕಣದ ನಲ್ಲಿಯಲ್ಲಿ ತೊಳೆದರೆ ಇನ್ನೂ ಉಳಿತಾಯ. ಸಿಂಕಿನಿಂದ ಹೋದ ನೀರು ಕೆಳಗೆ ಇನ್ನೊಂದು ಟ್ಯಾಂಕಿನಲ್ಲಿ ತುಂಬುತ್ತದೆ. ಅದನ್ನು ಕಂಡ ಕಂಡ ಕಡೆ ಬಿಡುವ ಹಾಗಿಲ್ಲ, ಹೊಳೆ ಪಕ್ಕ ಅಂತೂ ಬೇಡವೇ ಬೇಡ. ನಮ್ಮ ಮನೆಯ ಬಾಳೆಗಿಡದ ಬುಡಕ್ಕೆ ಬಿಡಿ ಅಂತ ಆತಿಥೇಯರು ಅಂದರು. ಅಲ್ಲಿಗೆ ಹೋಗುತ್ತದೆ ಅಂತ ಗೊತ್ತಾದ ಮೇಲೆ ಪಾತ್ರೆಗೆ ಸೋಪಿನ ಬದಲು ಸೀಗೆಪುಡಿ ಹಾಕಿದೆ.

ಶೌಚಾಲಯದ್ದು ಕ್ಯಾಸೆಟ್. ಅಂದರೆ ಕಮೋಡಿನ ಕೆಳಗೆ ಸೂಟ್‌ಕೇಸಿನಷ್ಟು ದೊಡ್ಡ ಡಬ್ಬ. ಗಾಡಿಯ ಹೊರಗಿನ ಚಿಕ್ಕ ಬಾಗಿಲಿನಿಂದ ಅದನ್ನು ಎಳೆದು, ಚಕ್ರದ ಮೇಲೆ ಉರುಳಿಸಿಕೊಂಡು ಹೋಗಿ, ಮನೆಯ ಶೌಚಾಲಯಕ್ಕೆ ಸುರಿದು, ತೊಳೆದು ತರಬೇಕು. ಇಪ್ಪತ್ತು ಲೀಟರಿನ ಹತ್ತಿರ ಹಿಡಿಯುತ್ತದೆ. ಮೂರು ಜನ ಇದ್ದರೆ ದಿನ ಬಿಟ್ಟು ದಿನ ಈ ಕೆಲಸ ಇದ್ದೇ ಇರುತ್ತದೆ. ಪ್ರವಾಸದ ಚೆಂದದ ಫೋಟೊ ಹಾಕುವವರು ಇದನ್ನು ಯಾಕೆ ಹೇಳುವುದಿಲ್ಲವೋ! ಯಾರು ಮಾಡುವುದು ಅನ್ನುವ ಮಾತು ಹೊರಡುವ ಮೊದಲೇ ಇತ್ಯರ್ಥ ಆಗಬೇಕು. ತೋಟದ ಆಳಿಗೆ ಹೇಳಿಸೋಣ ಅಂತ ಯಾರಾದರೂ ಅಂದರೆ ಅಂಥವರನ್ನು ಕರೆದುಕೊಂಡೇ ಹೋಗಬೇಡಿ. ನಮ್ಮ ಕ್ಯಾಸೆಟ್ ನಮ್ಮವರದು. ಬೆಳಿಗ್ಗೆ ಆರಕ್ಕೆ, ಯಾರೂ ಏಳುವ ಮೊದಲೇ ಮುಗಿಸಿ ಸ್ನಾನ ಮಾಡಿ ಬರುತ್ತಿದ್ದರು. ಇನ್ನೊಂದು ಮಾತು. ಕ್ಯಾಸೆಟ್‌ಗೆ ಹಾಕುವ ನೀಲಿ ದ್ರಾವಣವನ್ನು ಅಳತೆ ಮೀರಿ ಹಾಕಬಾರದು. ಹಳ್ಳಿ ಮನೆಯ ಗುಂಡಿಯಲ್ಲಿ ಕೊಳೆಯುವ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಅದರಿಂದ ಸಾಯುತ್ತವೆ. ಜಾಗ ಕೊಟ್ಟವರ ಗುಂಡಿ ಕೆಡಿಸಿ ಬರುವುದು ಚೆನ್ನಾಗಿರುವುದಿಲ್ಲ.

ಸಂಜೆ ಆರರ ಮೇಲೆ ಕಣ ಬಿಟ್ಟು ಹೋಗಬಾರದು ಅಂತ ಮೊದಲ ದಿನವೇ ಅಪ್ಪಣೆ ಆಗಿತ್ತು. ಆನೆ. ಚೆಟ್ಟಳ್ಳಿ, ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆಯ ತೋಟಗಳಲ್ಲಿ ಆನೆ ಕಾಡಿನಿಂದ ಬಂದು ಹೋಗುವ ನೆಂಟ ಅಲ್ಲ. ತೋಟದಲ್ಲೇ ಇರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು, ಎಲ್ಲರೂ ಹೆದರಿಕೊಂಡೇ ನಡೆಯಬೇಕು. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸುತ್ತಾರೆ. ಆತಿಥೇಯರು ರಾತ್ರಿ ಊಟ ಆದ ಮೇಲೆ ಅದನ್ನು ಓದಿ, ನಮಗೆ ಕೇಳುವ ಹಾಗೆ ಜೋರಾಗಿ ಹೇಳುತ್ತಿದ್ದರು. "ಎರಡು ತೋಟ ಆಚೆ ಉಂಟು. ಬಾಗಿಲು ಹಾಕ್ಕೊಂಡು ಮಲಗಿ ಅಮ್ಮ, ಎಂಥ ಆಗೂದಿಲ್ಲ." ಅತ್ತೆಗೆ ನಿದ್ದೆ ಬಂತು. ನನಗೆ ಬರಲಿಲ್ಲ. ಕಬ್ಬಿಣದ ಗಾಡಿ ಅಂದರೂ ಆನೆಗೆ ಅದು ಎಷ್ಟರದ್ದು, ಅಲ್ವಾ?

ಏಪ್ರಿಲ್ ಅಂದರೆ ಹಲಸು ಕಾಯಿ ಬಿಡುವ ಕಾಲ. ಹಲಸಿನ ಹಣ್ಣಿನ ವಾಸನೆ ಆನೆಗೆ ದೂರದಿಂದಲೇ ತಿಳಿಯುತ್ತದೆ. ಅದಕ್ಕೇ ಮನೆ ಹತ್ತಿರದ, ಕಣದ ಹತ್ತಿರದ ಮರಗಳ ಕಾಯನ್ನು ಎಳಸಿದ್ದಾಗಲೇ ಕಡಿದು ಹಾಕುತ್ತಾರೆ. ಅಂಥ ಎಳೆ ಕಾಯಿ ನಾಲ್ಕು ನಮ್ಮ ವ್ಯಾನಿನ ಮೆಟ್ಟಿಲ ಮೇಲೆ ಬಂದು ಕೂತವು. ಅತ್ತೆಗೆ ಹಬ್ಬ. ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಹೆಚ್ಚಿದರು. ಇಲ್ಲದಿದ್ದರೆ ಬಾಡಿಗೆ ಗಾಡಿಯ ಸಿಂಕೆಲ್ಲಾ ಮೇಣ. ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿ, ಕೊಬ್ಬರಿ, ಹಸಿಮೆಣಸು, ಸಾಸಿವೆ ಹಾಕಿ ಪಲ್ಯ ಮಾಡಿ ಮನೆಯವರಿಗೂ ಒಂದು ಡಬ್ಬಿ ಕಳಿಸಿದರು. ವಾಪಸ್ ಬಂದ ಡಬ್ಬಿಯಲ್ಲಿ ಅಕ್ಕಿ ಒಟ್ಟಿ ಅನ್ನುವ ಕೊಡಗಿನ ರೊಟ್ಟಿ, ಎಳ್ಳು ಪಜ್ಜಿ ಅನ್ನುವ ಚಟ್ನಿ ಇತ್ತು. ಅಲ್ಲಿಂದ ಮುಂದೆ ಆ ಡಬ್ಬಿ ಖಾಲಿಯಾಗಿ ಓಡಾಡಲಿಲ್ಲ. ಅಕ್ಕಿತರಿಯ ಪಾಪುಟ್ಟು ಬಂತು, ಅಕ್ಕಿ ಕಡುಬಿನ ಉಂಡೆಯಾದ ಕಡಂಬುಟ್ಟು ಬಂತು. ಮನೆಯಾಕೆ ಕಡಂಬುಟ್ಟಿನ ಜೊತೆ ಪಂದಿ ಕರಿ, ಅಂದರೆ ಹಂದಿ ಸಾರಿನ ಬದಲು ಕಡಲೆ ಸಾರು ಮಾಡಿ ಕಳಿಸಿದ್ದು ಅತ್ತೆಗಾಗಿ. ನಮ್ಮವರಿಗೆ ಅದರಿಂದ ಸ್ವಲ್ಪ ನಿರಾಸೆ ಆಯಿತು ಅಂತ ನನಗೆ ಗೊತ್ತು.

ಹೂವಿನ ವಿಷಯಕ್ಕೆ ಬರುತ್ತೇನೆ. ನಾವು ತಲುಪಿದಾಗ ಮೊಗ್ಗು ಬೆಳ್ಳಗೆ ಉದ್ದವಾಗಿ ನಿಂತಿತ್ತು, ಅರಳಿರಲಿಲ್ಲ. ಹೋಟೆಲ್ ಬುಕ್ ಮಾಡಿದ್ದರೆ ಮೊಗ್ಗು ನೋಡಿ ವಾಪಸ್ ಬರಬೇಕಿತ್ತು. ನಮಗೆ ಆ ತೊಂದರೆ ಇರಲಿಲ್ಲ. ಕೂತೆವು. ಬೆಳಿಗ್ಗೆಯಿಂದ ಕುಟ್ರುಹಕ್ಕಿ ನಿಲ್ಲಿಸದೆ ಕೂಗುತ್ತಿತ್ತು. ಮೆಣಸು ತಿರುವಿ ಹಾಕುವ ಹೆಂಗಸರ ಜೊತೆ ಅತ್ತೆ ಊರು-ಮನೆ ವಿಚಾರಿಸುತ್ತಾ ಕೂತಿರುತ್ತಿದ್ದರು. ಅವರಲ್ಲಿ ಕೆಲವರು ಅಸ್ಸಾಮಿನಿಂದ ಬಂದವರು. ಭಾಷೆ ಬಾರದಿದ್ದರೂ ಮಾತು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ವ್ಯಾನಿನ ಬಾಗಿಲು ತೆಗೆದರೆ ವಾಸನೆಯೇ ಮೊದಲು ಒಳಗೆ ಬಂತು. ಮಲ್ಲಿಗೆಗೆ ಹತ್ತಿರ, ಆದರೆ ಅದಕ್ಕಿಂತ ಸಿಹಿ, ಸ್ವಲ್ಪ ತಲೆ ಸುತ್ತುವಷ್ಟು ಜಾಸ್ತಿ. ಪ್ರತಿ ರೆಂಬೆಯ ಗೆಣ್ಣು ಗೆಣ್ಣಿಗೂ ಬಿಳಿ ಗೊಂಚಲು. ತುಡುವೆ ಜೇನು, ಹೆಜ್ಜೇನು ಎರಡೂ ಮುತ್ತಿದ್ದವು. ಬೆಳಿಗ್ಗೆ ಹತ್ತರ ತನಕ ಗಿಡದ ಮಧ್ಯ ಹೋಗದೆ ದೂರದಿಂದಲೇ ನೋಡಿದೆವು. ಅವತ್ತು ರಾತ್ರಿ ಒಳಗಿನ ಲೈಟನ್ನೂ ಬೇಗ ಆರಿಸಿದೆವು. ಹೆಜ್ಜೇನು ರಾತ್ರಿ ಬೆಳಕಿಗೆ ಬರುತ್ತದೆ, ಕಿಟಕಿಯ ಬಲೆ ಸರಿಯಾಗಿ ಹಾಕಿರಬೇಕು.

ಮಧ್ಯಾಹ್ನ ಪಡುವಣದಲ್ಲಿ ಮೋಡ ಎದ್ದಿತು. ನನಗೆ ಖುಷಿ. ಹೂವಿನ ತೋಟದ ಮೇಲೆ ಮಳೆ, ಇದಕ್ಕಿಂತ ಚೆಂದ ಏನಿದೆ? ಆದರೆ ಆತಿಥೇಯರ ಮುಖದಲ್ಲಿ ನಗು ಇರಲಿಲ್ಲ. ಅರಳಿದ ದಿನ ಮಳೆ ಬಿದ್ದರೆ ಪರಾಗ ತೊಳೆದು ಹೋಗಿ ಕಾಯಿ ಕಚ್ಚುವುದಿಲ್ಲ. ಅವತ್ತು ಬೇಡ, ಮತ್ತೆ ಎರಡು-ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು. ಅದಕ್ಕೆ ಬ್ಯಾಕಿಂಗ್ ಮಳೆ ಅನ್ನುತ್ತಾರೆ. ಅದು ಬಾರದಿದ್ದರೂ ಕಷ್ಟ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬರುವುದು ಈ ಚಿಕ್ಕ ಜಿಲ್ಲೆಯಿಂದ. ಅದೆಲ್ಲ ಈ ಕೆಲವು ದಿನದ ಮೋಡದ ಮೇಲೆ ನಿಂತಿದೆ ಅಂತ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಹೆಂಗಸರು ಓಡಿ ಬಂದು ಮೆಣಸಿನ ರಾಶಿಗೆ ಟಾರ್ಪಾಲ್ ಎಳೆದರು. ನಮ್ಮವರೂ ಒಂದು ತುದಿ ಹಿಡಿದರು. ನಾಲ್ಕು ಹನಿ ಉದುರಿ ಮೋಡ ಮಡಿಕೇರಿ ಕಡೆ ಹೋಯಿತು. ಆತಿಥೇಯರು ಅವತ್ತು ರಾತ್ರಿ ನಮ್ಮ ಜೊತೆ ಕೂತು ತುಂಬಾ ಹೊತ್ತು ಮಾತಾಡಿದರು.

ಸಂಜೆ ಕಣಕ್ಕೆ ಅವರ ಅಣ್ಣ-ತಮ್ಮಂದಿರ ಮಕ್ಕಳು ಹಾಕಿ ಸ್ಟಿಕ್ ಹಿಡಿದು ಬರುತ್ತಿದ್ದರು. ಕೊಡವ ಕುಟುಂಬಗಳ ಹಾಕಿ ಹಬ್ಬದ ಕಾಲ ಅದು. 1997ರಲ್ಲಿ ಕರಡ ಗ್ರಾಮದಲ್ಲಿ ಅರವತ್ತು ಕುಟುಂಬಗಳ ತಂಡದಿಂದ ಶುರುವಾದ ಆಟ, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಮುಟ್ಟಿತ್ತು. ಒಂದು ಮನೆತನದ ಹೆಸರಿನವರೆಲ್ಲ ಒಂದೇ ತಂಡ. ಅಜ್ಜನೂ ಆಡಬಹುದು, ಸೊಸೆಯೂ ಆಡಬಹುದು. ಅಭ್ಯಾಸದ ಚೆಂಡು ಎರಡು ಸಲ ವ್ಯಾನಿಗೆ ಬಡಿಯಿತು. ಮೂರನೆಯ ಸಲ ಬಡಿಯುವ ಮೊದಲು ನಮ್ಮವರೇ ಗೋಲ್‌ಕೀಪರ್ ಆಗಿ ಗಾಡಿ ಮುಂದೆ ನಿಂತರು.

ಹೂ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಹೊರಟೆವು. ಮಡಿಕೇರಿಯಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಓಂಕಾರೇಶ್ವರ ನೋಡಿದೆವು. ರಾಜಾಸೀಟಿನ ಹತ್ತಿರ ವ್ಯಾನಿಗೆ ಜಾಗ ಹುಡುಕುವುದರಲ್ಲೇ ಸೂರ್ಯ ಮುಳುಗಿದ. ವಾರಾಂತ್ಯದಲ್ಲಿ ಆ ಕಡೆ ಇಂಥ ಗಾಡಿ ತರಲೇಬಾರದು. ಮಾಂದಲಪಟ್ಟಿಗೂ ಅಷ್ಟೇ, ಆ ದಾರಿ ಜೀಪಿನದು. ಭಾಗಮಂಡಲದ ದಾರಿ ಮಾತ್ರ ನಮಗೆ ಹೇಳಿ ಮಾಡಿಸಿದ್ದು. ಕಾವೇರಿ, ಕನ್ನಿಕೆ ಸೇರುವಲ್ಲಿ ಬೇಸಿಗೆಯಾದ್ದರಿಂದ ಮಂಡಿಯುದ್ದದ ನೀರು. ಅತ್ತೆ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರು. ಅಲ್ಲಿಂದ ತಲಕಾವೇರಿಗೆ ಎಂಟು ಕಿ.ಮೀ. ಏರು. ಎರಡನೇ ಗೇರಿನಲ್ಲೇ ಹೋಗಿ, ಎರಡನೇ ಗೇರಿನಲ್ಲೇ ಇಳಿದೆವು. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿಯದ ಹಾಗೆ ಆಗುತ್ತದೆ. ಮೂರು ಟನ್ನಿಗೆ ಹತ್ತಿರದ ಗಾಡಿಗೆ ಎಂಜಿನ್ನೇ ಬ್ರೇಕು. ನೀರಿನ ಟ್ಯಾಂಕನ್ನು ಅರ್ಧ ಖಾಲಿ ಮಾಡಿಕೊಂಡೇ ಏರಿದ್ದೆವು, ಐವತ್ತು ಕೆ.ಜಿ. ಕಡಿಮೆಯಾದರೂ ವ್ಯತ್ಯಾಸ ಗೊತ್ತಾಗುತ್ತದೆ.

ಕಕ್ಕಬ್ಬೆಯಲ್ಲಿ ಒಂದು ಹೋಂಸ್ಟೇ ಅಂಗಳದಲ್ಲಿ ಜಾಗ ಸಿಕ್ಕಿತು. ಕೋಣೆಯ ಬಾಡಿಗೆಯ ಅರ್ಧ ಕೇಳಿದರು, ಕರೆಂಟ್, ನೀರು, ಬೆಳಗಿನ ತಿಂಡಿ ಸೇರಿ. ನ್ಯಾಯವೇ. ತಡಿಯಂಡಮೋಳು ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ನಮ್ಮವರಿಗೆ ಹತ್ತುವ ಆಸೆ ಇತ್ತು. ಕಾಳ್ಗಿಚ್ಚಿನ ಭಯಕ್ಕೆ ಇಲಾಖೆಯವರು ಚಾರಣ ಮುಚ್ಚಿದ್ದರು. ಬೇಸಿಗೆಯಲ್ಲಿ ಹೀಗೆ ಆಗುವುದುಂಟು, ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ. ಬೆಟ್ಟದ ಬುಡದ ನಾಲ್ಕುನಾಡು ಅರಮನೆಗೆ ಹೋದೆವು. ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಾಡಿನ ನಡುವೆ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಬಂದು ಸೇರಿದ್ದು ಇಲ್ಲಿಗೇ. ಅರಮನೆ ಅಂದರೆ ಮೈಸೂರಿನವರ ಕಣ್ಣಿಗೆ ಸ್ವಲ್ಪ ದೊಡ್ಡ ತೊಟ್ಟಿಮನೆ. ಅತ್ತೆ ಕಂಬದ ಕೆತ್ತನೆ, ಗೋಡೆಯ ಚಿತ್ರ ನೋಡಿ, "ಇಷ್ಟು ತಂಪಾಗಿದ್ರೆ ನಾನೂ ಇಲ್ಲೇ ಬಂದು ಇರ್ತಿದ್ದೆ," ಅಂದರು.

ವಾಪಸ್ ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ ಮೇಲೆ ಹುಣಸೂರಿಗೆ. ತಿತಿಮತಿ ದಾಟಿದರೆ ನಾಗರಹೊಳೆಯ ಅಂಚು. ಅಲ್ಲಿ ನಿಲ್ಲಿಸಿ ಕಾಫಿ ಕಾಸುವ ಆಸೆ ಬೇಡ, ಬೆಳಕಿರುವಾಗಲೇ ದಾಟಿಬಿಡಬೇಕು. ಗೋಣಿಕೊಪ್ಪದಲ್ಲಿ ಜೇನು, ಏಲಕ್ಕಿ ತಗೊಂಡೆವು.

ಗಾಡಿ ಹಿಂದಿರುಗಿಸುವಾಗ ಎರಡೂ ಟ್ಯಾಂಕ್ ಖಾಲಿ, ಕ್ಯಾಸೆಟ್ ತೊಳೆದಿರಬೇಕು, ಡೀಸೆಲ್ ಕೊಟ್ಟಷ್ಟೇ ಇರಬೇಕು. ಎಲ್ಲಾ ಸರಿಯಿತ್ತು. ಆದರೂ ಮೇಲಿನ ಒಂದು ಗೀರು ತೋರಿಸಿ ಡಿಪಾಸಿಟ್‌ನಲ್ಲಿ ಹಿಡಿದುಕೊಳ್ಳುತ್ತೇವೆ ಅಂದರು. ಹೊರಡುವ ದಿನದ ಫೋಟೊ ತೆಗೆದು ಅದೇ ಗೀರನ್ನು ತೋರಿಸಿದೆವು. ಪೂರ್ತಿ ದುಡ್ಡು ಬಂತು. ಇಳಿಸಿದ ಸಾಮಾನು ಎಣಿಸಿದರೆ ಅತ್ತೆಯ ಚೊಂಬು ಇರಲಿಲ್ಲ. ತೋಟಕ್ಕೆ ಫೋನ್ ಮಾಡಿದರೆ ಕಣದ ನಲ್ಲಿಯ ಹತ್ತಿರವೇ ಇದೆಯಂತೆ. "ಅಲ್ಲೇ ಇರ್ಲಿ," ಅಂದರು ಅತ್ತೆ. "ಬ್ಯಾಕಿಂಗ್ ಮಳೆ ಬಿತ್ತಾ ಕೇಳು."